ಗ್ರಾಮಾಂತರ ಇಗರ್ಜಿಯ ಪಾರಂಪರಿಕ ಮೌಲ್ಯ: ಕಾರ್ಕಳದ ಅತ್ತೂರನ್ನು ಕುರಿತು ಒಂದು ವಿವೇಚನೆ

ಕಾರ್ಕಳದ ಹೆಸರನ್ನೆತ್ತಿದೊಡನೆ ವಿದ್ಯಾವಂತರ ಮನಸ್ಸಿನಲ್ಲಿ ಮೂಡುವುದು ಕ್ರಿ. ಶ. 1432ರಲ್ಲಿ ಪ್ರತಿಷ್ಠಿತವಾದ ಗೊಮ್ಮಟನ ಬೃಹನ್ಮೂರ್ತಿ. ಅದರ ಬಳಿಕ 1586ರಲ್ಲಿ ಇಮ್ಮಡಿ ಭೈರರಸನು ಕಟ್ಟಿಸಿದ ಚತುರ್ಮುಖ ಬಸದಿ. ಇವೆರಡೂ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. ಇವನ್ನು ಕುರಿತು ವಿದ್ವಾಂಸರು ಬರೆದಿರುವುದೂ ಬಹಳ. ಆದರೆ ಇದೇ ಕಾರ್ಕಳದಿಂದ ಕೆಲವೇ ಕಿಲೋಮೀಟರು ದೂರದ ಅತ್ತೂರಿನಲ್ಲಿ, ಪರ್ಪಲೆ ಗುಡ್ಡದ ಮಗ್ಗುಲಲ್ಲಿ, 1759ರಿಂದ ತನ್ನ ಕಾಲವನ್ನು ಎಣಿಸುವ ಸಂತ ಲಾರೆನ್ಸರ ಇಗರ್ಜಿಯೊಂದಿದೆ. ವರ್ಷವರ್ಷವೂ ಜನವರಿಯಲ್ಲಿ ಅಲ್ಲಿಗೆ ನೆರೆಯುವ ಜನಸ್ತೋಮವನ್ನು ಕಂಡವರು ಅದರ ಪ್ರಾಮುಖ್ಯವನ್ನು ಅಲ್ಲಗಳೆಯಲಾರರು. ಆದರೂ ‘ಪ್ರಾಚೀನ ಸ್ಮಾರಕ’ವೆಂಬ ಮಾತಿನ ವ್ಯಾಪ್ತಿಯೊಳಗೆ ಇಂತಹ ಹಳ್ಳಿಯ ಇಗರ್ಜಿಗಳನ್ನು ಸೇರಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಶಾಸನವಿಲ್ಲ, ಶಿಲ್ಪವಿಲ್ಲ, ರಾಜನ ಹೆಸರಿಲ್ಲ; ಹೀಗಿರುವಾಗ ಮೌಲ್ಯವನ್ನು ಅಳೆಯುವುದು ಯಾವುದರಿಂದ? ಈ ಪ್ರಶ್ನೆಯನ್ನು ಅತ್ತೂರಿನ ಉದಾಹರಣೆಯಿಂದ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲಿಗೆ ಪದದ ವಿಷಯ. ಪೋರ್ತುಗೀಸರ ‘ಇಗ್ರೇಜ’ ಶಬ್ದದಿಂದ ಬಂದ ‘ಇಗರ್ಜಿ’ ಎಂಬುದು ಕೊಂಕಣಿಯ ಮೂಲಕ ಕರಾವಳಿಯ ಕನ್ನಡಕ್ಕೂ ತುಳುವಿಗೂ ಇಳಿದು ಬಂದಿದೆ. ಈಚಿನ ಬರೆಹಗಳಲ್ಲಿ ‘ಚರ್ಚು’ ಎಂಬುದೇ ಬಳಕೆಯಲ್ಲಿದ್ದರೂ ಹಳಬರ ಬಾಯಲ್ಲಿ ಇಗರ್ಜಿಯೇ ಉಳಿದಿದೆ. ನಾವೂ ಅದನ್ನೇ ಬಳಸುತ್ತೇವೆ.

ಗೋವೆಯಿಂದ ಕೊಂಕಣಿ ಕ್ರೈಸ್ತರು ದಕ್ಷಿಣಕ್ಕೆ ವಲಸೆ ಬಂದುದು ಒಂದೇ ಸಲಕ್ಕಲ್ಲ. 1560ರಲ್ಲಿ ಗೋವೆಯಲ್ಲಿ ಸ್ಥಾಪಿತವಾದ ಧರ್ಮವಿಚಾರಣಾ ನ್ಯಾಯಸ್ಥಾನದ ಕಾಟ, ಕ್ಷಾಮ, 1683ರ ಮರಾಠರ ದಾಳಿ ಮುಂತಾದ ಕಾರಣಗಳಿಂದ ಅಲೆಅಲೆಯಾಗಿ ಬಂದ ಈ ಜನರನ್ನು ಕೆಳದಿಯ ಅರಸರು ತಮ್ಮ ಸೀಮೆಯಲ್ಲಿ ನೆಲಸಗೊಟ್ಟರು. ಬೇಸಾಯ ಬಲ್ಲ ಒಕ್ಕಲುಗಳು ಯಾವ ಅರಸನಿಗೂ ಬೇಕಾದವರೇ. ಉಡುಪಿಯ ಉತ್ತರಕ್ಕಿರುವ ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯ ಸ್ಥಾಪನೆಯನ್ನು 1678ಕ್ಕೆ, ಎಂದರೆ ಕೆಳದಿಯ ಚೆನ್ನಮ್ಮಾಜಿಯ ಆಳ್ವಿಕೆಯ ಕಾಲಕ್ಕೆ, ಹೇಳುತ್ತಾರೆ. ಅಲ್ಲಿಂದ ಸುಮಾರು ಎಂಬತ್ತು ವರ್ಷಗಳ ಮೇಲೆ, ಒಳನಾಡಿನ ಕಾರ್ಕಳದ ಸೀಮೆಯಲ್ಲಿ ಸಂತ ಲಾರೆನ್ಸರ ಹೆಸರಿನ ಇಗರ್ಜಿ ಎದ್ದಿತು. ಆಗ ಕೆಳದಿಯ ಪ್ರಭುತ್ವ ತನ್ನ ಕೊನೆಯ ವರ್ಷಗಳನ್ನು ಎಣಿಸುತ್ತಿತ್ತು. 1763ರಲ್ಲಿ ಹೈದರಾಲಿ ಬಿದನೂರನ್ನು ವಶಪಡಿಸಿಕೊಂಡ ಮೇಲೆ ಕನ್ನಡ ಜಿಲ್ಲೆಯೂ ಅವನ ಕೈಗೆ ಬಂತು.

ಆ ಮೊದಲ ಇಗರ್ಜಿಗೆ ಲಭಿಸಿದ ಆಯುಷ್ಯ ಕಾಲು ಶತಮಾನ ಮಾತ್ರ. ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಆರೋಪದ ಮೇಲೆ 1784ರ ಫೆಬ್ರವರಿಯಲ್ಲಿ, ಕ್ರೈಸ್ತರ ತಪಸ್ಸಿನ ಕಾಲದ ಮೊದಲ ದಿನವಾದ ಬೂದಿ ಬುಧವಾರ, ಟಿಪ್ಪು ಸುಲ್ತಾನನ ಸೈನಿಕರು ಕನ್ನಡ ಜಿಲ್ಲೆಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಸೆರೆಯಾದವರ ಸಂಖ್ಯೆಯನ್ನು ಸಮಕಾಲೀನರು 30,000ದಿಂದ 80,000ದವರೆಗೆ ನಾನಾ ಬಗೆಯಾಗಿ ಹೇಳಿದ್ದಾರೆ. ಇಗರ್ಜಿಗಳನ್ನು ನೆಲಸಮ ಮಾಡಲಾಯಿತು. ಹೀಗೆ ನಾಶವಾದವುಗಳ ಪಟ್ಟಿಯಲ್ಲಿ ಮಂಗಳೂರಿನ ರೊಸಾರಿಯೊ ಮತ್ತು ಮಿಲಾಗ್ರಿಸ್, ಮೂಲ್ಕಿ, ಕಿರೆಂ, ಬಾರಕೂರು ಇವುಗಳೊಂದಿಗೆ ಕಾರ್ಕಳದ ಸಂತ ಲಾರೆನ್ಸರ ಇಗರ್ಜಿಯ ಹೆಸರೂ ಬರುತ್ತದೆ. ಉಳಿದುಕೊಂಡದ್ದು ಮೂಡುಬಿದಿರೆಯ ಬಳಿಯ ಹೊಸಪೇಟೆಯ ಪವಿತ್ರ ಶಿಲುಬೆಯ ಇಗರ್ಜಿ. ಅದಕ್ಕೆ ಕಾರಣ ಮೂಡುಬಿದಿರೆಯ ಜೈನ ಅರಸರಾದ ಚೌಟರ ದಾಕ್ಷಿಣ್ಯವೆಂದು ಪರಂಪರೆ ಹೇಳುತ್ತದೆ. ಈ ಒಂದು ವಾಕ್ಯವನ್ನು ನಮ್ಮ ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಹಳ್ಳಿಯ ಇಗರ್ಜಿಯ ಅಳಿವು ಉಳಿವುಗಳು ಆ ಮತದವರ ಕೈಯಲ್ಲಿ ಮಾತ್ರ ಇರಲಿಲ್ಲ, ನೆರೆಯವರ ಕೈಯಲ್ಲಿಯೂ ಇದ್ದವು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕಿ ಉಳಿದವರು ಊರಿಗೆ ಮರಳಿದರು. ಜಿಲ್ಲೆಯ ಮೊದಲ ಕಲೆಕ್ಟರಾದ ಥಾಮಸ್ ಮನ್ರೋ, ಅವನ ಬಳಿಕ ರೇವನ್‌ಷಾ, ಇವರ ಕಾಲದಲ್ಲಿ ಅನೇಕರಿಗೆ ತಮ್ಮ ಹಿಂದಿನ ಭೂಮಿ ಮರಳಿ ದೊರೆಯಿತು. ಕಾರ್ಕಳದ ಕ್ರೈಸ್ತರು 1801ರಲ್ಲಿ ಹುಲ್ಲು ಹೊದೆಸಿದ ಸಣ್ಣ ಇಗರ್ಜಿಯೊಂದನ್ನು ಕಟ್ಟಿಕೊಂಡರೆಂದೂ, 1839ರಲ್ಲಿ ಇಂದಿನ ಸ್ಥಳಕ್ಕೆ ಬಂದರೆಂದೂ ಊರಿನ ಪರಂಪರೆ. ಈ ಸ್ಥಳಾಂತರವನ್ನು ಕುರಿತ ಐತಿಹ್ಯ ಜಿಲ್ಲೆಯಲ್ಲೆಲ್ಲ ಮನೆಮಾತಾಗಿದೆ. ಹೊಸ ಇಗರ್ಜಿಗೆ ತಕ್ಕ ಜಾಗವನ್ನು ಹುಡುಕುತ್ತ ಪಾದ್ರಿಯೂ ಭಕ್ತರೂ ಸಂತರ ಒಂದು ಅಡಿ ಎತ್ತರದ ಮರದ ಮೂರ್ತಿಯನ್ನು ಹೊತ್ತು ಹೊರಟರಂತೆ. ದಾರಿಯಲ್ಲಿ ನೀರಿನ ಒರತೆಯೊಂದರ ಬಳಿ ದಣಿವಾರಿಸಿಕೊಳ್ಳಲು ಕುಳಿತು ಮೂರ್ತಿಯನ್ನು ನೆಲದ ಮೇಲಿಟ್ಟರಂತೆ. ಮತ್ತೆ ಹೊರಡುವಾಗ ಎಷ್ಟು ಪ್ರಯತ್ನಿಸಿದರೂ ಮೂರ್ತಿ ಮೇಲಕ್ಕೇಳಲಿಲ್ಲವಂತೆ. ಇಲ್ಲಿಯೇ ಇಗರ್ಜಿ ಕಟ್ಟುವೆವೆಂದು ಹರಕೆ ಹೊತ್ತ ಮೇಲೆ ಅದು ಕದಲಿತು. ಆ ಒರತೆಯ ನೀರು ನಿಂತ ಕೆರೆಯನ್ನು ಇಂದು ಎಲ್ಲರೂ ‘ಪುಷ್ಕರಿಣಿ’ ಎಂದೇ ಕರೆಯುತ್ತಾರೆ.

ಇದು ನಡೆದುದೋ ಇಲ್ಲವೋ ಎಂಬುದು ಸಂಶೋಧಕನ ಪ್ರಶ್ನೆಯಾಗಬೇಕಾಗಿಲ್ಲ. ನೆಲಕ್ಕಿಟ್ಟ ಮೂರ್ತಿ ಏಳದೆ ಹೋಗುವುದು, ದೇವರು ತನ್ನ ಸ್ಥಳವನ್ನು ತಾನೇ ಆರಿಸಿಕೊಳ್ಳುವುದು, ಇದು ಕರಾವಳಿಯ ಎಷ್ಟೋ ದೇವಸ್ಥಾನಗಳ ಸ್ಥಳಪುರಾಣದಲ್ಲಿ ಬರುವ ಕತೆ. ಗೋಕರ್ಣದ ಆತ್ಮಲಿಂಗದ ಕಥೆಯನ್ನು ಕೇಳಿ ಬೆಳೆದ ನಾಡಿನಲ್ಲಿ ಇದರ ಅರ್ಥ ಯಾರಿಗೂ ವಿವರಿಸಬೇಕಾಗಿಲ್ಲ. ಒಮ್ಮೆ ಬೇರುಸಹಿತ ಕಿತ್ತೊಗೆಯಲ್ಪಟ್ಟ ಜನಸಮುದಾಯವೊಂದು ಅದೇ ನಾಡಿಗೆ ಮರಳಿ, ಆ ನಾಡಿನದೇ ಕಥನಕ್ರಮದಲ್ಲಿ ‘ಇದು ನಮ್ಮ ಸ್ಥಳ, ಇಲ್ಲಿಂದ ಇನ್ನು ಕದಲೆವು’ ಎಂದು ಸಾರಿಕೊಂಡಿತು. ಐತಿಹ್ಯದ ಐತಿಹಾಸಿಕ ಮೌಲ್ಯ ಇರುವುದು ಇಲ್ಲಿಯೇ. ಸೆರೆಯನ್ನು ಕುರಿತು ಒಂದು ಮಾತೂ ಈ ಕಥೆಯಲ್ಲಿಲ್ಲ. ಆದರೆ ಕದಲದ ಮೂರ್ತಿಯ ಹಿಂದೆ ಹದಿನೈದು ವರ್ಷಗಳ ನೆಲೆತಪ್ಪಿದ ಬಾಳು ಇದೆಯೆಂದು ಊಹಿಸುವುದು ಅಸಮಂಜಸವಾಗಲಾರದು.

ಇನ್ನು ಜಾತ್ರೆಯ ವಿಷಯ. ರೋಮಿನ ಧರ್ಮಸೇವಕನಾಗಿದ್ದ ಲಾರೆನ್ಸನು ಕ್ರಿ. ಶ. 258ರ ಆಗಸ್ಟ್ 10ರಂದು ಹುತಾತ್ಮನಾದನು. ಕ್ರೈಸ್ತಜಗತ್ತು ಅಂದೇ ಅವನ ಹಬ್ಬವನ್ನು ಆಚರಿಸುತ್ತದೆ. ಅತ್ತೂರಿನ ಮಹೋತ್ಸವವಾದರೋ ಜನವರಿಯ ಕೊನೆಯ ಭಾಗದಲ್ಲಿ ನಡೆಯುತ್ತದೆ. ಆಗಸ್ಟಿನ ಮಳೆಯಲ್ಲಿ ಜನ ಸೇರುವುದು ಕಷ್ಟವೆಂಬುದು ಸಾಮಾನ್ಯವಾಗಿ ಕೊಡುವ ಕಾರಣ. ಅದು ಸರಿಯೂ ಹೌದು. ಆದರೆ ತುಳುನಾಡಿನ ಕಾಲಗಣನೆಯನ್ನು ಬಲ್ಲವರಿಗೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಆಗಸ್ಟ್ 10 ಎಂದರೆ ಆಟಿ ತಿಂಗಳು: ಕಣಜ ಬರಿದಾದ, ಭೂತಗಳಿಗೆ ಕೋಲವಿಲ್ಲದ, ಮದುವೆ ಮುಂಜಿಗಳಿಲ್ಲದ ಕಾಲ. ಜನವರಿಯಾದರೋ ಏಣೆಲಿನ ಕೊಯಿಲು ಮುಗಿದು ಮನೆಯಲ್ಲಿ ಭತ್ತ ತುಂಬಿದ, ಯಕ್ಷಗಾನದ ಮೇಳಗಳು ತಿರುಗಾಟದಲ್ಲಿರುವ, ಉಡುಪಿಯಲ್ಲಿ ಮಕರ ಸಂಕ್ರಾಂತಿಯ ತೇರುಗಳು ಎಳೆಯಲ್ಪಡುವ ಕಾಲ. ಎರಡು ವರ್ಷಕ್ಕೊಮ್ಮೆ ಪರ್ಯಾಯವೂ ಇದೇ ಜನವರಿಯ 18ರಂದು ಬರುತ್ತದೆ. ರೋಮಿನ ಸಂತನು ಹೀಗೆ ತನ್ನ ದಿನವನ್ನು ಬಿಟ್ಟು ತುಳುನಾಡಿನ ಜಾತ್ರೆಗಳ ಸಾಲಿನಲ್ಲಿ ಬಂದು ನಿಂತನು. ಜನ ಅದಕ್ಕೆ ‘ಅತ್ತೂರು ಸಾಂತ್‌ಮಾರಿ’ ಎಂದು ಹೆಸರಿಟ್ಟರು. ಇಗರ್ಜಿಯ ದಾಖಲೆಗಿಂತ ಹೆಚ್ಚಾಗಿ ಬಸ್ಸಿನ ನಿರ್ವಾಹಕರ, ಬಳೆ ಮಾರುವವರ, ಮಿಠಾಯಿ ಅಂಗಡಿಯವರ ಬಾಯಲ್ಲಿ ಆ ಹೆಸರು ಜೀವಂತವಾಗಿದೆ.

ಐದು ದಿನಗಳ ಈ ಮಹೋತ್ಸವದಲ್ಲಿ ಬಲಿಪೂಜೆಗಳು ಕೊಂಕಣಿಯಲ್ಲಿಯೂ ಕನ್ನಡದಲ್ಲಿಯೂ ನಡೆಯುತ್ತವೆ. ಹೊರಗೆ ಸಂತೆಯ ಮಾತು ಬಹುಮಟ್ಟಿಗೆ ತುಳು. ಮೊಂಬತ್ತಿ ಹಚ್ಚಿ ಹರಕೆ ತೀರಿಸುವವರಲ್ಲಿ, ಪುಷ್ಕರಿಣಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋಗುವವರಲ್ಲಿ ಕ್ರೈಸ್ತರೆಷ್ಟೋ ಇತರರೂ ಅಷ್ಟೇ. ಇದನ್ನು ‘ಸರ್ವಧರ್ಮ ಸಮನ್ವಯ’ವೆಂದು ಭಾಷಣಗಳಲ್ಲಿ ಕೊಂಡಾಡುವುದು ವಾಡಿಕೆ. ನಮಗೆ ತೋರುವಂತೆ ಇಲ್ಲಿ ಸಮನ್ವಯಗೊಳಿಸುವ ಪ್ರಯತ್ನವನ್ನು ಯಾರೂ ಮಾಡಿಲ್ಲ. ಮಗುವಿನ ಕಾಯಿಲೆಗೆ ಹರಕೆ ಹೇಳಿಕೊಳ್ಳುವ ತಾಯಿ, ಭೂತಸ್ಥಾನಕ್ಕೂ ಮಠಕ್ಕೂ ಇಗರ್ಜಿಗೂ ಒಂದೇ ಬಗೆಯ ನಂಬಿಕೆಯಿಂದ ಹೋಗುತ್ತಾಳೆ. ಆಕೆಗೆ ಅದು ನೆರೆಹೊರೆಯ ವ್ಯವಹಾರ. ರೋಮಿನ ಅಧಿಕಾರಿಯೊಬ್ಬನು ಸಭೆಯ ಸಂಪತ್ತನ್ನೆಲ್ಲ ತಂದೊಪ್ಪಿಸೆಂದು ಆಜ್ಞಾಪಿಸಿದಾಗ ಲಾರೆನ್ಸನು ಊರಿನ ಬಡವರನ್ನೂ ಅಂಗವಿಕಲರನ್ನೂ ಕರೆತಂದು ‘ನಮ್ಮ ಸಂಪತ್ತು ಇದೇ’ ಎಂದನೆಂಬ ಕಥೆಯಿದೆ. ಅತ್ತೂರಿನ ಜಾತ್ರೆಯಲ್ಲಿ ಈ ಸಂತನು ಎಲ್ಲರವನಾದುದಕ್ಕೆ ಆ ಕಥೆಯೂ ಸ್ವಲ್ಪ ಕಾರಣವಿರಬಹುದು.

2012ರಲ್ಲಿ ಮಂಗಳೂರು ಧರ್ಮಪ್ರಾಂತ್ಯದಿಂದ ಬೇರ್ಪಟ್ಟು ಉಡುಪಿ ಧರ್ಮಪ್ರಾಂತ್ಯ ರೂಪುಗೊಂಡಿತು. ಕಲ್ಯಾಣಪುರದ ಮಿಲಾಗ್ರಿಸ್ ಅದರ ಪ್ರಧಾನ ದೇವಾಲಯವಾಯಿತು. 2016ರಲ್ಲಿ ಅತ್ತೂರಿಗೆ ಪೋಪರಿಂದ ‘ಕಿರಿಯ ಬಸಿಲಿಕ’ ಎಂಬ ಪದವಿ ಲಭಿಸಿತು. ಕರ್ನಾಟಕದಲ್ಲಿ ಅದಕ್ಕೆ ಮೊದಲು ಈ ಗೌರವ ಸಂದಿದ್ದುದು ಬೆಂಗಳೂರಿನ ಸಂತ ಮೇರಿಯವರ ದೇವಾಲಯಕ್ಕೆ.

ಪದವಿ ಬಂದುದು ಅತ್ತೂರಿಗೆ. ಅದರ ಜಾತ್ರೆಯೂ ಅಸಾಧಾರಣವಾದುದು. ಆದರೆ ವರ್ಷದ ಉಳಿದ ಮುನ್ನೂರರವತ್ತು ದಿನಗಳಲ್ಲಿ ಹಳ್ಳಿಯ ಇಗರ್ಜಿ ತನ್ನ ಜನಕ್ಕೆ ಏನಾಗಿದೆಯೆಂಬುದೂ ವಿಚಾರಾರ್ಹ. ಈ ಮಾತು ಕಾಪು ಸೀಮೆಯ ಶಿರ್ವದಂತಹ ಹಳೆಯ ಧರ್ಮಕೇಂದ್ರಗಳಿಗೂ ಸಮಾನವಾಗಿ ಅನ್ವಯಿಸುತ್ತದೆ. ಅಲ್ಲಿ ಆರೋಗ್ಯಮಾತೆಯ ಇಗರ್ಜಿಯೊಂದಿಗೆ ಶಾಲೆ ಕಾಲೇಜುಗಳೂ ಬೆಳೆದು ಊರಿನ ರೂಪವನ್ನೇ ತಿದ್ದಿವೆ. ಧರ್ಮಕೇಂದ್ರವು ವಾಡೆಗಳಾಗಿ ಹಂಚಿಕೆಯಾಗಿರುತ್ತದೆ. ಒಂದೊಂದು ವಾಡೆಗೆ ಒಬ್ಬ ಗುರಿಕಾರ. ಕೊಂಕಣಿಯವರು ‘ಗುರ್ಕಾರ್’ ಎನ್ನುತ್ತಾರೆ. ಜಗಳ ತೀರ್ಮಾನ, ಸಾವಿನ ಸುದ್ದಿ, ಮದುವೆಯ ಏರ್ಪಾಡು, ವಂತಿಗೆಯ ಸಂಗ್ರಹ, ಇವೆಲ್ಲ ಹಿಂದೆ ಅವನ ಹೊಣೆ. ಮೊಗವೀರರಲ್ಲಿಯೂ ಬಿಲ್ಲವರಲ್ಲಿಯೂ ಸಮುದಾಯದ ಮುಖಂಡನಿಗೆ ಇದೇ ‘ಗುರಿಕಾರ’ ಎಂಬ ಹೆಸರು. ಹಬ್ಬಗಳಲ್ಲಿಯೂ ಇದೇ ಬಗೆಯ ಬೆಸುಗೆ ಕಾಣುತ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ಭತ್ತದ ತೆನೆಗಳನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಅದರ ಕಾಳನ್ನು ಸುಲಿದು ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಮನೆಯವರೆಲ್ಲ ಒಟ್ಟಿಗೆ ಕುಳಿತು ಹೊಸತು ಉಣ್ಣುತ್ತಾರೆ. ನೆರೆಮನೆಯ ತುಳುವರ ಹೊಸಕ್ಕಿ ಊಟವೂ ಅದೇ ಸುಮಾರಿಗೆ ಬರುತ್ತದೆ. ಗದ್ದೆ ಒಂದೇ, ಮಳೆ ಒಂದೇ. ತೆನೆ ಹರಸುವ ಸ್ಥಳ ಮಾತ್ರ ಬೇರೆ.

ಸಂಶೋಧಕನ ದೃಷ್ಟಿಯಲ್ಲಿ ಇಗರ್ಜಿಯ ಬಹು ದೊಡ್ಡ ಸೊತ್ತು ಅದರ ಕಪಾಟಿನೊಳಗಿದೆ. ಜ್ಞಾನಸ್ನಾನ ಮತ್ತು ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಟ್ರೆಂಟಿನ ಮಹಾಸಭೆ 1563ರಲ್ಲಿಯೇ ವಿಧಿಸಿತು. ಮರಣದ ದಾಖಲೆ, ಮನೆವಾರು ಜನಗಣತಿ, ಲೆಕ್ಕದ ಪುಸ್ತಕ, ನಿರ್ಣಯದ ಪುಸ್ತಕ ಮುಂತಾದವು ಅನಂತರ ಸೇರಿಕೊಂಡವು. ಸರ್ಕಾರದ ಜನನ ಮರಣ ನೋಂದಣಿ ಹಳ್ಳಿಗೆ ತಲುಪುವುದಕ್ಕೆ ಎಷ್ಟೋ ದಶಕಗಳ ಮುಂಚಿನಿಂದ, ಒಕ್ಕಲು ಮನೆತನಗಳ ಹುಟ್ಟು ಸಾವುಗಳು ದಿನಾಂಕ ಸಹಿತ ದಾಖಲಾಗಿರುವ ಸ್ಥಳ ನಮ್ಮ ಜಿಲ್ಲೆಯಲ್ಲಿ ಇಗರ್ಜಿಗಳನ್ನು ಬಿಟ್ಟರೆ ಬಹಳ ಇಲ್ಲ. ಭಾಷೆ ಕೆಲವೆಡೆ ಪೋರ್ತುಗೀಸ್, ಕೆಲವೆಡೆ ಲ್ಯಾಟಿನ್. 1878ರ ಕೊನೆಗೆ ಜೆಸ್ವಿತರು ಮಂಗಳೂರಿನ ಆಡಳಿತವನ್ನು ವಹಿಸಿಕೊಂಡ ಮೇಲೆ ಬರವಣಿಗೆಯ ಕ್ರಮವೂ ಬದಲಾಗುತ್ತದೆ. 1918ರ ಜ್ವರದ ಪಿಡುಗಿನಲ್ಲಿ ಒಂದು ಹಳ್ಳಿ ಎಷ್ಟು ಜನರನ್ನು ಕಳೆದುಕೊಂಡಿತು, ಹೆಣ್ಣುಮಕ್ಕಳ ಮದುವೆಯ ವಯಸ್ಸು ಯಾವ ದಶಕದಲ್ಲಿ ಏರಿತು, ಮುಂಬಯಿಗೆ ಹೋದವರ ಮಕ್ಕಳ ಜ್ಞಾನಸ್ನಾನ ಊರಿನಲ್ಲಿ ಎಂದಿನಿಂದ ನಿಂತುಹೋಯಿತು, ಇವುಗಳಿಗೆ ಉತ್ತರ ಈ ಪುಸ್ತಕಗಳಲ್ಲಿದೆ. 1854ರಲ್ಲಿ ಉಡುಪಿಯಲ್ಲಿ ಕೆಲಸವನ್ನಾರಂಭಿಸಿದ ಬಾಸೆಲ್ ಮಿಶನ್ನಿನವರ ದಾಖಲೆಗಳು ಬಾಸೆಲ್ ನಗರದಲ್ಲಿಯೂ ಮಂಗಳೂರಿನ ಬಲ್ಮಠದಲ್ಲಿಯೂ ಸಂಗ್ರಹವಾಗಿ ವಿದ್ವಾಂಸರ ಕೈಗೆ ಎಟುಕುವಂತಿವೆ. ಕಥೋಲಿಕ ಹಳ್ಳಿಯ ಪುಸ್ತಕವಾದರೋ ಆಯಾ ಇಗರ್ಜಿಯ ಕೊಠಡಿಯಲ್ಲಿ, ಆಯಾ ಪಾದ್ರಿಯ ಜಾಗರೂಕತೆಯನ್ನು ನಂಬಿಕೊಂಡು, ಕರಾವಳಿಯ ತೇವದಲ್ಲಿ ಗೆದ್ದಲನ್ನು ಎದುರಿಸುತ್ತ ಕುಳಿತಿದೆ. ಕಟ್ಟಡ ಬದಲಾಗುವಾಗ ಮೊದಲು ಕಳೆದುಹೋಗುವುದು ಕಾಗದ ಎಂಬುದನ್ನು ಎಲ್ಲ ಸಂಸ್ಥೆಗಳ ಅನುಭವವೂ ಹೇಳುತ್ತದೆ.

ಕಟ್ಟಡವನ್ನು ಕುರಿತು ಈಗ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಇಲ್ಲಿನ ಹಳೆಯ ಇಗರ್ಜಿಗಳು ಗೋವೆಯ ಮುಂಭಾಗದ ನೆನಪನ್ನು ಉಳಿಸಿಕೊಂಡಿದ್ದರೂ ಮೈಯೆಲ್ಲ ತುಳುನಾಡಿನದು. ಗೋಡೆ ಮುರಕಲ್ಲಿನದು. 1801ರಲ್ಲಿ ಕಾರ್ಕಳದ ಮೂಲಕ ಹಾದು ಹೋದ ಫ್ರಾನ್ಸಿಸ್ ಬುಕಾನನನೇ ಈ ಕಲ್ಲಿಗೆ, ಮಲಬಾರಿನಲ್ಲಿ ಅದನ್ನು ಕಡಿಯುವುದನ್ನು ಕಂಡು, ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟವನು. 1807ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥದಿಂದ ಆ ಪದ ಭೂವಿಜ್ಞಾನಕ್ಕೆ ಸೇರಿತು. ಹೊಂಡದಲ್ಲಿರುವಾಗ ಕತ್ತಿಗೆ ಬಗ್ಗುವಷ್ಟು ಮೆದುವಾಗಿರುವ ಈ ಕಲ್ಲು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಆದರೆ ಅದರ ಮೈತುಂಬ ಸೂಕ್ಷ್ಮವಾದ ತೂತುಗಳು. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುವ ನಾಡಿನಲ್ಲಿ ಗೋಡೆ ನೀರು ಕುಡಿಯದೆ ಇರದು. ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆಯನ್ನು ಮೇಲೆ ಬಳಿದಾಗ, ಮಳೆಗಾಲದಲ್ಲಿ ಒಳಹೊಕ್ಕ ನೀರು ಬೇಸಗೆಯಲ್ಲಿ ಆ ಗಾರೆಯ ಮೂಲಕವೇ ಹೊರಕ್ಕೆ ಆರಿಹೋಗುತ್ತದೆ. ಅಷ್ಟಿಷ್ಟು ಉದುರಿದ ಸುಣ್ಣವನ್ನು ಮಳೆ ನಿಂತ ಮೇಲೆ ಮತ್ತೆ ಬಳಿದರಾಯಿತು. ಈ ವಾರ್ಷಿಕ ಕರ್ಮವನ್ನು ಹಿರಿಯರು ಶೋಭೆಗಾಗಿ ಮಾತ್ರ ಮಾಡುತ್ತಿರಲಿಲ್ಲ. ಇಂತಹ ಗೋಡೆಗೆ ಸಿಮೆಂಟು ಗಿಲಾವು ಮಾಡಿದರೆ ನೀರು ಒಳಗೇ ಉಳಿದು, ಕಲ್ಲು ಪುಡಿಯಾಗುತ್ತ ಬರುತ್ತದೆ. ‘ಗೋಡೆ ಶಿಥಿಲವಾಗಿದೆ, ಕೆಡಹದೆ ಗತ್ಯಂತರವಿಲ್ಲ’ ಎಂಬ ಅಭಿಪ್ರಾಯ ಬರುವ ಎಷ್ಟೋ ಕಡೆಗಳಲ್ಲಿ, ಶೈಥಿಲ್ಯಕ್ಕೆ ಕಾರಣ ವಯಸ್ಸಲ್ಲ, ಮೂವತ್ತು ನಲವತ್ತು ವರ್ಷಗಳ ಹಿಂದೆ ಸದುದ್ದೇಶದಿಂದ ಮಾಡಿದ ದುರಸ್ತಿ.

ಮಾಡಿನ ಕಥೆಯೂ ಸ್ವಾರಸ್ಯವಾದುದು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದನು. 1886ರಲ್ಲಿ ಉಡುಪಿಯ ಹತ್ತಿರದ ಮಲ್ಪೆಯಲ್ಲಿಯೂ ಒಂದು ಕಾರ್ಖಾನೆ ಬಂತು. ಅದಕ್ಕೆ ಮುಂಚೆ ಹಳ್ಳಿಯ ಇಗರ್ಜಿಗೆ ಮುಳಿಹುಲ್ಲೋ ಸೋಗೆಯೋ, ಅನುಕೂಲವಿದ್ದಲ್ಲಿ ನಾಡಹಂಚೋ ಹೊದಿಕೆಯಾಗಿದ್ದಿತು. ಹಗುರವಾದ ಹೊಸ ಹಂಚು ಬಂದ ಮೇಲೆ ಕಂಬಗಳಿಲ್ಲದೆ ಅಗಲವಾದ ಹಜಾರವನ್ನು ಮುಚ್ಚುವುದು ಸಾಧ್ಯವಾಯಿತು; ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಟ್ಟಿದ ಇಗರ್ಜಿಗಳು ಹಿಂದಿನವುಗಳಿಗಿಂತ ವಿಶಾಲವಾಗಿರುವುದಕ್ಕೆ ಇದೂ ಒಂದು ಕಾರಣ. ಪ್ರೊಟೆಸ್ಟಂಟರ ಕಾರ್ಖಾನೆಯ ಹಂಚು, ಕಥೋಲಿಕರ ಇಗರ್ಜಿ, ಊರಿನ ಬಡಗಿ ಕಲ್ಲುಕುಟಿಗರ ಕೈಗೆಲಸ! ಕಟ್ಟಡವನ್ನು ಓದಬಲ್ಲವನಿಗೆ ಇವೆಲ್ಲ ಅಕ್ಷರಗಳೇ.

ಹಳೆಯ ಇಗರ್ಜಿಗಳ ಮೇಲೆ ಕಳೆದ ಅರುವತ್ತು ವರ್ಷಗಳಲ್ಲಿ ಎರಡು ಬಲಗಳು ಕೆಲಸ ಮಾಡಿವೆ. ಒಂದು, 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಆದ ಮಾರ್ಪಾಡು. ಪೂಜೆ ಜನರ ಭಾಷೆಗೆ ಬಂತು, ಪಾದ್ರಿ ಜನರ ಕಡೆಗೆ ಮುಖಮಾಡಿ ನಿಂತನು, ಇದು ಸ್ವಾಗತಾರ್ಹವಾದುದೇ. ಆದರೆ ಆ ಉತ್ಸಾಹದಲ್ಲಿ ಲೋಕದ ನಾನಾ ಕಡೆ ಮರದ ಕೆತ್ತನೆಯ ಹಳೆಯ ಪೀಠಗಳನ್ನು ಕಿತ್ತುಹಾಕಿದರು. ಮಹಾಸಭೆಯ ಪೂಜಾವಿಧಿಯ ನಿರ್ಣಯದಲ್ಲಿ ಅಂತಹ ಆಜ್ಞೆಯಿಲ್ಲ. ಬೆಲೆಯುಳ್ಳ ಕಲಾಕೃತಿಗಳು ಪರಭಾರೆಯಾಗದಂತೆ ಬಿಷಪರು ಎಚ್ಚರ ವಹಿಸಬೇಕೆಂಬ ಮಾತೇ ಇದೆ. ಎರಡನೆಯ ಬಲ ಸಮೃದ್ಧಿ. ಮೊದಲು ಮುಂಬಯಿಯಿಂದ, ಆಮೇಲೆ ಕುವೈತ್ ದುಬೈಗಳಿಂದ ಬಂದ ಹಣ ಹಳ್ಳಿಯ ಮುಖವನ್ನು ಬದಲಾಯಿಸಿತು. ದೂರದಲ್ಲಿ ದುಡಿಯುವವನಿಗೆ ತನ್ನ ಊರಿನ ಇಗರ್ಜಿ ದೊಡ್ಡದಾಗಿ ಕಾಣಬೇಕೆಂಬ ಆಸೆ ಸಹಜ. ಅದು ಕೃತಜ್ಞತೆಯ ಒಂದು ರೂಪ. ಆ ಹಣ ಗೋಡೆಗೆ ಸುಣ್ಣ ಹಚ್ಚಲು ಬರುವುದು ವಿರಳ, ಹೊಸ ಗೋಡೆ ಎಬ್ಬಿಸಲು ಧಾರಾಳವಾಗಿ ಬರುತ್ತದೆ. ದಾನಿಗಳ ಹೆಸರಿನ ಫಲಕವನ್ನು ಹಾಕಲು ಸುಣ್ಣದ ಕೆಲಸದಲ್ಲಿ ಜಾಗವಿಲ್ಲವಷ್ಟೆ.

ಹೊಸದನ್ನು ಕಟ್ಟಬೇಕೆನ್ನುವವರು ಒಂದು ವಾದವನ್ನು ಮುಂದಿಡುತ್ತಾರೆ, ಅದು ತಿರಸ್ಕಾರಯೋಗ್ಯವಾದುದಲ್ಲ. ‘ಅತ್ತೂರಿನ ಚರಿತ್ರೆಯನ್ನೇ ನೋಡಿರಿ. 1759ರ ಕಟ್ಟಡ 1784ರಲ್ಲಿ ಹೋಯಿತು, 1801ರ ಗುಡಿಸಲು ಹೋಯಿತು, 1839ರ ತರುವಾಯವೂ ಬದಲಾವಣೆಗಳಾದವು. ಉಳಿದು ಬಂದುದು ಮೂರ್ತಿ, ಒರತೆ, ಹೆಸರು, ಜನ. ಹೀಗಿರುವಾಗ ಇನ್ನೊಂದು ಸಲ ಗೋಡೆ ಬದಲಾದರೆ ನಷ್ಟವೇನು?’ ಈ ವಾದದ ಮೊದಲರ್ಧವನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಜನವಿಲ್ಲದ ಕಟ್ಟಡ ಏನಾಗುತ್ತದೆಂಬುದಕ್ಕೆ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಇಗರ್ಜಿ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಆ ದೇವಾಲಯ ಗೊರೂರಿನ ಹೇಮಾವತಿ ಜಲಾಶಯದ ನೀರಿಗೆ ಸಿಕ್ಕಿತು. ಜನ ಬೇರೆಡೆಗೆ ಹೋದರು. ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಗೆಯಲ್ಲಿ ಎದ್ದು ನಿಲ್ಲುವ ಗೋಡೆಗಳನ್ನು ನೋಡಲು ಇಂದು ಪ್ರವಾಸಿಗಳು ಬರುತ್ತಾರೆ. ಅದರ ಚೆಲುವು ಅವಶೇಷದ ಚೆಲುವು. ಒಂದು ಮಗುವಿಗೂ ಅಲ್ಲಿ ಈಗ ಹೆಸರಿಡುವುದಿಲ್ಲ.

ಆದರೆ ವಾದದ ಉತ್ತರಾರ್ಧ ಹಾಗೆ ಒಪ್ಪತಕ್ಕುದಲ್ಲ. ಹಿಂದಿನ ಬದಲಾವಣೆಗಳಲ್ಲಿ ಒಂದು ಗೋಡೆ ಬಿದ್ದಾಗ ಅದರ ಸ್ಥಾನದಲ್ಲಿ ಎದ್ದ ಗೋಡೆಯೂ ಅದೇ ಗುಡ್ಡದ ಮುರಕಲ್ಲಿನದು, ಅದೇ ಸುಣ್ಣದ್ದು, ಅದೇ ಕಸುಬಿನವರ ಮಕ್ಕಳೋ ಮೊಮ್ಮಕ್ಕಳೋ ಕಟ್ಟಿದುದು. ಕಟ್ಟಡ ಹೋದರೂ ಕಟ್ಟುವ ವಿದ್ಯೆ ಹೋಗಲಿಲ್ಲ. ಈಗ ಕಾಂಕ್ರೀಟಿನ ಕಟ್ಟಡ ಬಂದರೆ ಗೋಡೆಯೊಂದಿಗೆ ಆ ವಿದ್ಯೆಯೂ ಹೋಗುತ್ತದೆ. ಸುಣ್ಣವನ್ನು ಹದಗೊಳಿಸಬಲ್ಲವನೂ ಮರದ ಜಂತಿಗೆ ಕೀಲು ಕೂಡಿಸಬಲ್ಲವನೂ ಈ ಜಿಲ್ಲೆಯಲ್ಲಿ ಇನ್ನೆಷ್ಟು ಕಾಲ ದೊರೆತಾರು? ಮತ್ತೊಂದು ಮಾತು. 1784ರಲ್ಲಿ ಕೆಡಹಿದವರು ಪರರು, 1801ರ ಗುಡಿಸಲನ್ನು ಬಿಡಿಸಿದುದು ಬಡತನ ತೀರಿದ ಸಂತೋಷ. ಗಟ್ಟಿಯಾಗಿ ನಿಂತಿರುವ ಹಿರಿಯರ ಕೆಲಸವನ್ನು ತಾವೇ ಕೆಡಹುವ ಸಂದರ್ಭ ಅವೆರಡರಲ್ಲಿ ಯಾವುದನ್ನೂ ಹೋಲುವುದಿಲ್ಲ.

ಕಟ್ಟಡವನ್ನು ಉಳಿಸುವುದೆಂದರೆ ಅದನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸುವುದೆಂದೂ ಅಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಮಿಯಾರು, ಹರ್ಕೂರು ಮೊದಲಾದ ಊರುಗಳ ಹಳೆಯ ಮನೆಗಳನ್ನು ತೊಲೆತೊಲೆಯಾಗಿ ಬಿಚ್ಚಿ ತಂದು ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದುದು ಅಸಾಮಾನ್ಯ ಸಾಹಸ. ಆ ಮನೆಗಳಿಗೆ ಬೇರೆ ಗತಿ ಇರಲಿಲ್ಲ. ವಾಸಿಸುವವರು ತೊರೆದ ಮನೆಗೆ ಅದು ತಕ್ಕ ಮಾರ್ಗ. ಜನ ತೊರೆಯದಿರುವ ಇಗರ್ಜಿಗೆ ತಕ್ಕುದು ಬಳಕೆಯಲ್ಲೇ ಉಳಿಸುವ ಮಾರ್ಗ. ಹಳೆಯ ಗೋವೆಯ ಬೊಂ ಜೀಸಸ್ ಬಸಿಲಿಕವು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದ್ದೂ ಪೂಜೆ ನಡೆಯುವ ದೇವಾಲಯವಾಗಿಯೇ ಇದೆ. ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಪ್ರಾರ್ಥನಾಲಯದಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರಗಳನ್ನು 1990ರ ದಶಕದ ಮೊದಲಲ್ಲಿ ತಜ್ಞರು ಶುದ್ಧಗೊಳಿಸಿದರು. ಅಲ್ಲಿಯೂ ಪ್ರಾರ್ಥನೆ ನಿಂತಿಲ್ಲ. ಇವೆರಡೂ ಹೆಸರಾಂತ ಕಲಾಕೃತಿಗಳು, ಹಳ್ಳಿಯ ಇಗರ್ಜಿಗೆ ಆ ಭಾಗ್ಯವೆಲ್ಲಿ ಎಂದು ಆಕ್ಷೇಪಿಸಬಹುದು. 1964ರಲ್ಲಿ ವೆನಿಸ್ಸಿನಲ್ಲಿ ರಚಿತವಾದ ಅಂತರರಾಷ್ಟ್ರೀಯ ಸಂರಕ್ಷಣಾ ಸನದು ಮೊದಲ ವಿಧಿಯಲ್ಲಿಯೇ ಅದಕ್ಕೆ ಉತ್ತರ ಹೇಳಿದೆ: ಮಹಾಕೃತಿಗಳಂತೆಯೇ, ಕಾಲಕ್ರಮದಲ್ಲಿ ಸಾಂಸ್ಕೃತಿಕ ಅರ್ಥವನ್ನು ಪಡೆದುಕೊಂಡ ಸಾಧಾರಣ ರಚನೆಗಳೂ ಸ್ಮಾರಕಗಳೇ. ಚರ್ಚಿನ ಕಾನೂನೂ ಇಲ್ಲಿ ಮೌನವಾಗಿಲ್ಲ. 1983ರ ಧರ್ಮಸಂಹಿತೆಯ 1189ನೆಯ ವಿಧಿಯಂತೆ, ಪ್ರಾಚೀನತೆಯಿಂದಾಗಲಿ ಭಕ್ತಿಯಿಂದಾಗಲಿ ವಿಶೇಷವಾದ ಪೂಜಾಮೂರ್ತಿಯನ್ನು ಧರ್ಮಾಧಿಕಾರಿಯ ಲಿಖಿತ ಅನುಮತಿಯಿಲ್ಲದೆ ದುರಸ್ತಿ ಮಾಡುವಂತಿಲ್ಲ. ಅವರೂ ತಜ್ಞರ ಸಲಹೆಯನ್ನು ಕೇಳಿಯೇ ಅನುಮತಿ ಕೊಡಬೇಕು. ಅತ್ತೂರಿನ ಒಂದು ಅಡಿಯ ಮರದ ಮೂರ್ತಿಗೆ ಈ ವಿಧಿ ಅಕ್ಷರಶಃ ಅನ್ವಯಿಸುತ್ತದೆ.

ಎಲ್ಲ ಹಳೆಯ ಇಗರ್ಜಿಗಳನ್ನೂ ಉಳಿಸಿಕೊಳ್ಳಲಾಗದೆಂಬುದನ್ನು ನಾವು ಬಲ್ಲೆವು. ಜನ ಹೆಚ್ಚಿದಲ್ಲಿ ದೊಡ್ಡ ಹಜಾರ ಬೇಕು; ಹಳೆಯದನ್ನು ಚಿಕ್ಕ ಪ್ರಾರ್ಥನಾಲಯವಾಗಿ ಇಟ್ಟುಕೊಂಡು ಪಕ್ಕದಲ್ಲಿ ಹೊಸದನ್ನು ಕಟ್ಟುವಷ್ಟು ಜಾಗ ಎಲ್ಲೆಡೆಯೂ ಇರುವುದಿಲ್ಲ. ಜಾಗವಿದ್ದಲ್ಲಿ ಅದೇ ಉತ್ತಮವೆಂಬುದು ನಮ್ಮ ಅಭಿಪ್ರಾಯ. ಇಲ್ಲದಲ್ಲಿ, ಕೆಡಹುವುದಕ್ಕೆ ಮೊದಲು ಅಳತೆಯ ನಕ್ಷೆಯೊಂದನ್ನು ತೆಗೆಯಿಸಬೇಕು. ಮಣಿಪಾಲದಲ್ಲಿ ವಾಸ್ತುಶಿಲ್ಪವನ್ನು ಕಲಿಯುವ ವಿದ್ಯಾರ್ಥಿಗಳು ಕೂಗಳತೆಯಲ್ಲಿರುವಾಗ ಇದು ದುಬಾರಿಯ ಕೆಲಸವಲ್ಲ. ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕಗಳನ್ನು ಪುಟಪುಟವಾಗಿ ಛಾಯಾಚಿತ್ರ ತೆಗೆದು ಒಂದು ಪ್ರತಿಯನ್ನು ಬೇರೆಡೆ ಇಡಬೇಕು. ಸಿಮಿತೆರಿಯ ಗೋರಿಬರೆಹಗಳನ್ನು ನಕಲು ಮಾಡಿಕೊಳ್ಳಬೇಕು. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವ ರೂಢಿ ಕಲ್ಲಿನ ಮೇಲೆ ಎಂದು ಆರಂಭವಾಯಿತೆಂಬ ಪ್ರಶ್ನೆಗೆ ಉತ್ತರ ಅಲ್ಲಿ ದೊರೆಯಬಹುದು. ಹಳೆಯ ಗುರಿಕಾರರ ಬಾಯಿಂದ ವಾಡೆಗಳ ಹೆಸರು ಮತ್ತು ಗಡಿಗಳನ್ನು ಕೇಳಿ ಬರೆದುಕೊಳ್ಳಬೇಕು. ಈ ಕೆಲಸಗಳಿಗೆ ಧರ್ಮಕೇಂದ್ರದ ಪಾಲನ ಮಂಡಳಿಯ ಒಪ್ಪಿಗೆ ಬೇಕು, ಕಾಲೇಜಿನ ಇತಿಹಾಸ ವಿಭಾಗದ ಒಬ್ಬ ಅಧ್ಯಾಪಕರೂ ನಾಲ್ಕೈದು ವಿದ್ಯಾರ್ಥಿಗಳೂ ಬೇಕು. ಕರಾವಳಿಯಲ್ಲಿ ಹಳೆಯ ಮಾಡಿನ ಹಂಚಿಳಿಸುವ ಕೆಲಸ ಮಳೆ ಪೂರ್ತಿಯಾಗಿ ಬಿಟ್ಟ ಮೇಲೆ, ಜಾತ್ರೆಗಳ ದಿನಗಳಲ್ಲಿ, ಆರಂಭವಾಗುತ್ತದೆ. ಆದುದರಿಂದ ನಕ್ಷೆಯೂ ನಕಲೂ ಅದಕ್ಕೆ ಹಿಂದಿನ ಮಳೆಗಾಲದಲ್ಲಿಯೇ, ಮಾಡು ಇನ್ನೂ ತಲೆಯ ಮೇಲಿರುವಾಗ, ಮುಗಿದಿರಬೇಕು.